ರೀಡೈರೆಕ್ಷನ್ ಪ್ಲಗಿನ್: ನನ್ನ ಪತ್ರೊಡೆ ಪುಟ ಮತ್ತೆ ಸಿಕ್ಕಿತು

ವರ್ಡ್‌ಪ್ರೆಸ್‌ನಲ್ಲಿ ನನ್ನದೊಂದು ಅಡುಗೆ ಸೈಟ್ ಇದೆ. ಪತ್ರೊಡೆಯ ಮೇಲೆ ಮೂರು ಪುಟಗಳಿದ್ದವು. ಎಲ್ಲವನ್ನೂ ಸೇರಿಸಿ ಒಂದೇ ಮಾಡಿ, ಹಳೆಯವನ್ನು ಅಳಿಸಿದೆ. ವಾರದಲ್ಲೇ ಅತ್ತಿಗೆಯ ಫೋನ್: "ನಿನ್ನ ಪತ್ರೊಡೆ ಎಲ್ಲಿ ಹೋಯ್ತೇ? ಏನೋ 404 ಅಂತ ಬರ್ತಿದೆ." 404 ಅಂದ್ರೆ ಕೇಳಿದ ಪುಟ ಸಿಗಲಿಲ್ಲ ಅನ್ನುವ ಸಂದೇಶ.

ಆಗ ಹಾಕಿಕೊಂಡಿದ್ದು ರೀಡೈರೆಕ್ಷನ್. ಉಚಿತ ಪ್ಲಗಿನ್, ಅಂದ್ರೆ ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಯಾವ ಇಲ್ಲದ ಪುಟವನ್ನು ಕೇಳಿದರು, ಯಾವ ಲಿಂಕಿನಿಂದ ಬಂದರು ಅನ್ನೋದು ಅದರ 404 ಪಟ್ಟಿಯಲ್ಲಿ ಬೀಳುತ್ತದೆ. ವಿಳಾಸದ ಪ್ರಕಾರ ಗುಂಪು ಮಾಡಿದರೆ ಯಾವುದಕ್ಕೆ ಜಾಸ್ತಿ ಬೇಡಿಕೆ ಅಂತ ತಿಳಿಯುತ್ತದೆ. ಅಲ್ಲಿಂದಲೇ 301 (ಪುಟ ಶಾಶ್ವತವಾಗಿ ಬೇರೆ ವಿಳಾಸಕ್ಕೆ ಹೋಗಿದೆ ಅನ್ನುವ ಸೂಚನೆ) ಹಾಕಿ ಹೊಸ ಪುಟಕ್ಕೆ ಕಳಿಸಬಹುದು. ಅತ್ತಿಗೆಯ ಸಮಸ್ಯೆ ಐದು ನಿಮಿಷದಲ್ಲಿ ಮುಗಿಯಿತು.

ಮೊದಲ ದಿನ ಪಟ್ಟಿ ನೋಡಿ ಗಾಬರಿಯಾಗಿದ್ದೆ. ಹೆಚ್ಚಿನವು ಬಾಟ್‌ಗಳು, ಅಂದ್ರೆ ತಾವಾಗಿಯೇ ಸೈಟ್‌ಗಳನ್ನು ಜಾಲಾಡುವ ಪ್ರೋಗ್ರಾಂಗಳು! ನನ್ನಲ್ಲಿ ಇಲ್ಲವೇ ಇಲ್ಲದ ಪಿಎಚ್‌ಪಿ ಫೈಲ್‌ಗಳನ್ನು ಹುಡುಕುತ್ತಿದ್ದವು. ಅವನ್ನು ಸುಮ್ನೆ ಬಿಟ್ಟುಬಿಡಿ. ಕಂಡ 404ಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಲೂ ಹೋಗಬೇಡಿ. ಪತ್ರೊಡೆ ಕೇಳಿದವರನ್ನು ಅಂಗಳದಲ್ಲಿ ನಿಲ್ಲಿಸಿದ ಹಾಗಾಗುತ್ತದೆ, ಅಲ್ವಾ? ಗೂಗಲ್ ಕೂಡ ಅದನ್ನು 'ಸಾಫ್ಟ್ 404' (ತೆರೆದುಕೊಂಡರೂ ಕೇಳಿದ್ದು ಇಲ್ಲದ ಪುಟ) ಅಂತ ಎಣಿಸಬಹುದು.

ಕನ್ನಡದಲ್ಲೇ ಲಿಂಕ್ ಇಡುವವರು ಇದನ್ನು ಗಮನಿಸಿ. ಒಳಗೆ ಒಂದೊಂದು ಅಕ್ಷರವೂ, ಗುಣಿತದ ಚಿಹ್ನೆಯೂ 9 ಗುರುತುಗಳಾಗಿ ಬದಲಾಗುತ್ತದೆ. ಲಿಂಕಿನಲ್ಲಿ ಪುಟದ ಹೆಸರಿಗೆ ವರ್ಡ್‌ಪ್ರೆಸ್ ಜಾಗ ಕೊಡುವುದು 200 ಗುರುತುಗಳಿಗೆ ಮಾತ್ರ. ಹಾಗಾಗಿ ಉದ್ದದ ಹೆಸರು ಬಾಲ ಕತ್ತರಿಸಿಕೊಂಡೇ ಕೂರುತ್ತದೆ. 404 ಪಟ್ಟಿಯಲ್ಲೂ ಇವು ಓದಲಾಗದಷ್ಟು ಉದ್ದ ಕಾಣಬಹುದು.

ಒಂದೇ ತಕರಾರು: ದಾಖಲೆಗಳು ಡೇಟಾಬೇಸ್‌ನಲ್ಲಿ ಗುಡ್ಡೆ ಬೀಳುತ್ತವೆ. ನಾನು ಒಂದು ವಾರದ್ದು ಮಾತ್ರ ಉಳಿಸುವಂತೆ ಇಟ್ಟಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.