ಹಳೇ ಗಾಲ್ಫ್ ಜಿಟಿಐಗೆ ದೊಡ್ಡ ಕ್ಯಾಮ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಯಾರಾದರೂ ಗಾಡಿ ನೋಡದೆ, ಫೋನಿನಲ್ಲೇ, "288 ಡಿಗ್ರಿ ಕ್ಯಾಮ್ ಹಾಕಿಸಿ, 20 ಕುದುರೆ ಜಾಸ್ತಿ ಬರುತ್ತೆ" ಅಂದರೆ ದಯವಿಟ್ಟು ಫೋನ್ ಇಟ್ಟುಬಿಡಿ. ಕ್ಯಾಮ್ ಅಂದರೆ ಇಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ. ನಾನು ಫೋನ್ ಇಡಲಿಲ್ಲ, ಆ ಕ್ಯಾಮ್ ಹಾಕಿಸಿಯೇಬಿಟ್ಟೆ. ಒಂದು ಒಳ್ಳೆಯ ಇಂಜಿನ್ ಹಾಳಾಗುವ ಹತ್ತಿರಕ್ಕೆ ಹೋಗಿ ಬಂತು. ಇಲ್ಲಿ ಇಂಗ್ಲೆಂಡಿನಲ್ಲಿ ಹಳೇ ಕಾರು ಇಟ್ಟುಕೊಂಡಿರುವ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಊರಲ್ಲಿ ಹಳೇ ಪಾಲಿಯೋ 1.6 ಇಟ್ಟುಕೊಂಡು ಇದೇ ಆಸೆಯಲ್ಲಿರುವ ಗೆಳೆಯರೂ ಇದ್ದಾರೆ. ಅವರಿಗೆಲ್ಲ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನದು 1987ರ ಫೋಕ್ಸ್‌ವ್ಯಾಗನ್ ಗಾಲ್ಫ್ ಮಾರ್ಕ್ 2 ಜಿಟಿಐ, 8 ವಾಲ್ವಿನದು. 1781 ಸಿಸಿ, ಹೊಸದರಲ್ಲಿ 112 ಕುದುರೆ ಶಕ್ತಿ. ಈ ಗಾಡಿಯ ಚೆಂದ ಇರುವುದೇ ಅದರ ಪಿಕಪ್‌ನಲ್ಲಿ. ಟಾರ್ಕ್, ಅಂದರೆ ಎಳೆಯುವ ಬಲ, 3100 ಆರ್‌ಪಿಎಂಗೇ ತುದಿ ಮುಟ್ಟುತ್ತದೆ. ಹಳ್ಳಿ ರಸ್ತೆಯ ತಿರುವು ದಾಟಿ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಸಾಕು, ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ದುಡ್ಡು ಕೊಟ್ಟು ನಾನು ಕಳೆದುಕೊಂಡಿದ್ದು ಅದನ್ನೇ.

ಕ್ಯಾಮ್‌ನ ಡಿಗ್ರಿ ಅಂದರೆ ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವ ಲೆಕ್ಕ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತಿರುಗುವ ಡಿಗ್ರಿಯಲ್ಲಿ. ಜಾಸ್ತಿ ಹೊತ್ತು ತೆರೆದಿದ್ದರೆ ಜಾಸ್ತಿ ಗಾಳಿ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಮೇಲಿನ ಆರ್‌ಪಿಎಂನಲ್ಲಿ ಅದು ನಿಜ. ಕೆಳಗೆ ಉಲ್ಟಾ. ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲೆ ಬರಲು ಶುರು ಮಾಡಿದ ಮೇಲೂ ಇನ್‌ಟೇಕ್ ವಾಲ್ವ್ ಇನ್ನೂ ತೆರೆದೇ ಇರುತ್ತದೆ, ಹಾಗಾಗಿ ಒಳಗೆ ಬಂದ ಗಾಳಿ ಪೆಟ್ರೋಲಲ್ಲಿ ಒಂದಿಷ್ಟನ್ನು ಪಿಸ್ಟನ್ನೇ ವಾಪಸ್ ತಳ್ಳಿಬಿಡುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು, ಅಂದರೆ ಓವರ್‌ಲ್ಯಾಪ್, ಅದೂ ಜಾಸ್ತಿಯಾಗುತ್ತದೆ. ಆಗ ಸುಟ್ಟ ಹೊಗೆ ಹೊಸ ಗಾಳಿಯ ಜೊತೆ ಬೆರೆಯುತ್ತದೆ. ಇನ್ನೊಂದು ವಿಷಯ: ಒಬ್ಬರು ವಾಲ್ವ್ ಎದ್ದ ಕ್ಷಣದಿಂದ ಡಿಗ್ರಿ ಎಣಿಸುತ್ತಾರೆ, ಇನ್ನೊಬ್ಬರು 1 ಮಿಲಿಮೀಟರ್ ಎದ್ದ ಮೇಲೆ ಎಣಿಸುತ್ತಾರೆ. ಇಬ್ಬರ ಸಂಖ್ಯೆಯನ್ನು ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಗ್ಯಾರೇಜಿನವರು ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ಇಂಜೆಕ್ಷನ್ ಯಾವುದು ಅಂತ. ನನ್ನ ಗಾಡಿಯಲ್ಲಿ ಇರುವುದು ಬಾಷ್ ಕೆ-ಜೆಟ್ರಾನಿಕ್. ಅದರಲ್ಲಿ ಪೆಟ್ರೋಲ್ ಅಳೆಯುವುದು ಕಂಪ್ಯೂಟರ್ ಅಲ್ಲ. ಒಳಗೆ ಹೋಗುವ ಗಾಳಿ ಒಂದು ದುಂಡನೆಯ ತಟ್ಟೆಯನ್ನು ಎತ್ತುತ್ತದೆ, ತಟ್ಟೆ ಎಷ್ಟು ಎದ್ದಿತೋ ಅಷ್ಟು ಪೆಟ್ರೋಲ್ ಹೋಗುತ್ತದೆ. ಓವರ್‌ಲ್ಯಾಪ್ ಜಾಸ್ತಿ ಇರುವ ಕ್ಯಾಮ್ ಹಾಕಿದರೆ ಐಡ್ಲಿಂಗ್‌ನಲ್ಲಿ ಗಾಳಿ ಒಂದೇ ಸಮ ಹೋಗದೆ ಹಿಂದೆ ಮುಂದೆ ಬಡಿಯುತ್ತದೆ, ತಟ್ಟೆ ನಡುಗುತ್ತದೆ, ಪೆಟ್ರೋಲ್ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ. ಕಾರ್ಬೊರೇಟರ್ ಇಂಜಿನ್ನಿಗೆ ಹೊಂದುವ ಕ್ಯಾಮ್ ಇದಕ್ಕೆ ಹೊಂದಲೇಬೇಕು ಅಂತಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಗಾಡಿ ಕೈಗೆ ಬಂದ ದಿನವೇ ಐಡ್ಲಿಂಗ್ 900ಕ್ಕೂ 1400ಕ್ಕೂ ನಡುವೆ ಜೀಕುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಆಫ್. "ಕ್ಯಾಮ್ ಹಾಕಿದ ಮೇಲೆ ಹೀಗೇ ಇರುತ್ತೆ, ಒಂದೆರಡು ವಾರದಲ್ಲಿ ಸರಿಹೋಗುತ್ತೆ" ಅಂದರು. ಸರಿಹೋಗಲಿಲ್ಲ. 3000ದ ಕೆಳಗೆ ಎಳೆತವೇ ಇಲ್ಲ, 4500 ದಾಟಿದ ಮೇಲೆ ಮಾತ್ರ ಗಾಡಿಗೆ ಜೀವ. ಮಗಳನ್ನು ಶಾಲೆಗೆ ಬಿಡುವ ದಾರಿಯಲ್ಲಿ 4500 ಯಾರಿಗೆ ಬೇಕು?

ಇದನ್ನು ಮಾತ್ರ ಮರೆಯಬೇಡಿ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಇಂಜಿನ್ನಿನ ವ್ಯಾಕ್ಯೂಮ್‌ನಿಂದ. ದೊಡ್ಡ ಕ್ಯಾಮ್ ಹಾಕಿದರೆ ಐಡ್ಲಿಂಗ್‌ನಲ್ಲಿ ಆ ವ್ಯಾಕ್ಯೂಮ್ ಕಮ್ಮಿಯಾಗುತ್ತದೆ. ಸೂಪರ್ ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ನಿಧಾನಕ್ಕೆ ಗಾಡಿ ತಿರುಗಿಸುತ್ತಾ ಎರಡು ಮೂರು ಸಲ ಬ್ರೇಕ್ ಒತ್ತಿದೆ. ಮೂರನೇ ಸಲ ಪೆಡಲ್ ಕಲ್ಲಾಗಿತ್ತು. ಮುಂದೆ ಒಬ್ಬ ಅಜ್ಜಿ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದರು. ಎರಡೂ ಕಾಲಿನ ಬಲ ಹಾಕಿ ನಿಲ್ಲಿಸಿದೆ. ಅವರಿಗೆ ಏನೂ ಆಗಲಿಲ್ಲ, ಆದರೆ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ತಿಂಗಳು ಎಂಒಟಿ, ಅಂದರೆ ಇಲ್ಲಿನ ವರ್ಷದ ತಪಾಸಣೆ. ಈ ವಯಸ್ಸಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3.5 ಶೇಕಡಾ, ಹೈಡ್ರೋಕಾರ್ಬನ್ 1200 ಪಿಪಿಎಂ ದಾಟಬಾರದು. ಎರಡರಲ್ಲೂ ಫೇಲ್. ಸುಡದೆ ಉಳಿದ ಪೆಟ್ರೋಲ್ ಓವರ್‌ಲ್ಯಾಪ್‌ನಲ್ಲಿ ನೇರ ಸೈಲೆನ್ಸರಿಗೆ ಹೋಗುತ್ತಿದ್ದರೆ ಇನ್ನೇನಾಗುತ್ತೆ!

ಅಷ್ಟರಲ್ಲಿ ಟಿಕ್ ಟಿಕ್ ಸದ್ದು ಶುರುವಾಗಿತ್ತು. ಕ್ಯಾಮ್ ಹಾಕಿಸಿ 600 ಮೈಲಿಯೂ ಆಗಿರಲಿಲ್ಲ. ಈ ಸಲ ಬೇರೆ ಕಡೆ ಹೋದೆ, ಹಳೇ ಫೋಕ್ಸ್‌ವ್ಯಾಗನ್ ಇಂಜಿನ್ ಮಾತ್ರ ಮಾಡುವ ವಯಸ್ಸಾದ ಮೆಕ್ಯಾನಿಕ್ ಹತ್ತಿರ. ಅವರು ಮೇಲಿನ ಕವರ್ ಬಿಚ್ಚಿ, ಟಾರ್ಚ್ ಹಾಕಿ, ಮಾತಾಡದೆ ನನ್ನನ್ನು ಹತ್ತಿರ ಕರೆದರು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಲೋಬಿನ, ಅಂದರೆ ವಾಲ್ವ್ ಒತ್ತುವ ಕ್ಯಾಮಿನ ಉಬ್ಬಿನ, ಮೂಗು ಸವೆದು ಮೊಂಡಾಗಿತ್ತು. ಅದರ ಕೆಳಗೆ, ಲೋಬಿಗೂ ವಾಲ್ವಿಗೂ ನಡುವೆ ಕೂರುವ ಬಟ್ಟಲಿನಂಥ ಟ್ಯಾಪೆಟ್‌ನ ನಡುಭಾಗದಲ್ಲಿ ಗುಳಿ ಬಿದ್ದಿತ್ತು. ಸವೆದ ಉಕ್ಕಿನ ಪುಡಿ ಆಯಿಲ್‌ನಲ್ಲಿ ಬೆಳ್ಳಿ ಬಣ್ಣದಂತೆ ಮಿನುಗುತ್ತಿತ್ತು.

ಯಾಕೆ ಹೀಗಾಯಿತು ಅಂತ ಅವರು ಒಂದೊಂದಾಗಿ ತೋರಿಸಿದರು. ಹಾಕಿದ್ದು ಹಳೇ ಟ್ಯಾಪೆಟ್‌ಗಳನ್ನೇ. ಹಳೇ ಲೋಬಿನ ಜೊತೆ ಉಜ್ಜಿ ಅದಕ್ಕೆ ತಕ್ಕಂತೆ ಸವೆದ ಟ್ಯಾಪೆಟ್ ಮೇಲೆ ಹೊಸ ಲೋಬು ಕೂರಿಸಿದರೆ ಒಂದನ್ನೊಂದು ತಿನ್ನುತ್ತವೆ. ಬಿಲ್ಲಿನಲ್ಲಿ ಟ್ಯಾಪೆಟ್ ಅಂತ ಒಂದು ಸಾಲೂ ಇರಲಿಲ್ಲ, ನಾನು ಆವತ್ತೇ ಗಮನಿಸಬೇಕಿತ್ತು. ಆಮೇಲೆ, ಹೊಸ ಕ್ಯಾಮ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದ ಕೂಡಲೇ ಸುಮಾರು 20 ನಿಮಿಷ 2000ದ ಮೇಲೆ ಓಡಿಸಬೇಕು, ಐಡ್ಲಿಂಗ್‌ಗೆ ಬಿಡಲೇಬಾರದು. ಐಡ್ಲಿಂಗ್‌ನಲ್ಲಿ ಆಯಿಲ್ ಕಮ್ಮಿ, ಲೋಬಿನ ತುದಿಯ ಮೇಲೆ ಒತ್ತಡ ಜಾಸ್ತಿ. ನನ್ನ ಗಾಡಿಯನ್ನು ಮಿಕ್ಸ್ಚರ್ ಸೆಟ್ ಮಾಡಲು ಕಾಲು ಗಂಟೆ ಐಡ್ಲಿಂಗ್‌ನಲ್ಲೇ ಬಿಟ್ಟಿದ್ದರು. ನಾನೇ ಅಲ್ಲಿ ನಿಂತು ನೋಡಿದ್ದೆ.

ಟೈಮಿಂಗ್ ಕೂಡ ತಪ್ಪಿತ್ತು. ನನ್ನ ಇಂಜಿನ್ನಿನ ಹೆಡ್ (ವಾಲ್ವ್‌ಗಳಿರುವ ಮೇಲಿನ ಭಾಗ) ಹಿಂದೊಮ್ಮೆ ಸ್ಕಿಮ್ ಆಗಿದೆ, ಅಂದರೆ ಅದರ ಅಡಿಯನ್ನು ಒಂದಿಷ್ಟು ಹೆರೆದಿದ್ದಾರೆ. ಹೆಡ್ ತೆಳ್ಳಗಾದರೆ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ, ಮಾರ್ಕ್ ಸರಿಯಾಗಿ ಕೂರಿಸಿದರೂ ಟೈಮಿಂಗ್ ಸ್ವಲ್ಪ ಹಿಂದೆ ಬೀಳುತ್ತದೆ. ಡಯಲ್ ಗೇಜ್ ಮತ್ತು ಡಿಗ್ರಿ ಡಿಸ್ಕ್ ಇಟ್ಟು ಅಳೆದಾಗ ಐದು ಡಿಗ್ರಿ ಲೇಟ್ ಇತ್ತು. ಬೆಲ್ಟ್ ಒಂದು ಹಲ್ಲು ಜರುಗಿಸಿ ಸರಿಮಾಡೋಣ ಅಂದರೆ ಅದು ಕ್ರ್ಯಾಂಕಿನ ಲೆಕ್ಕದಲ್ಲಿ 16 ಡಿಗ್ರಿ ಹತ್ತಿರ ಆಗಿಬಿಡುತ್ತದೆ. ಅದಕ್ಕೇ ಬೇಕು ವರ್ನಿಯರ್ ಪುಲ್ಲಿ, ಕ್ಯಾಮನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಕೂರಿಸಬಹುದಾದ ಚಕ್ರ.

ಈಗ ಗಾಡಿಯಲ್ಲಿ ಇರುವುದು 268 ಡಿಗ್ರಿಯ ಕ್ಯಾಮ್, ಎಂಟು ಹೊಸ ಟ್ಯಾಪೆಟ್, ವರ್ನಿಯರ್ ಪುಲ್ಲಿ. ಪಿಸ್ಟನ್ ಮೇಲೆ ಪ್ಲಾಸ್ಟಿಸಿನ್ (ಮಕ್ಕಳು ಆಡುವ ಮೆತ್ತನೆಯ ಜೇಡಿ) ಇಟ್ಟು ಕೈಯಲ್ಲಿ ಇಂಜಿನ್ ಎರಡು ಸುತ್ತು ತಿರುಗಿಸಿ, ವಾಲ್ವ್‌ಗೂ ಪಿಸ್ಟನ್ನಿಗೂ ಎಷ್ಟು ಜಾಗ ಇದೆ ಅಂತ ನೋಡಿದ ಮೇಲೇ ಅವರು ಮುಂದುವರಿದದ್ದು. ಟ್ಯಾಪೆಟ್ ಕೂರಿಸಿದ ಮೇಲೆ ಅರ್ಧ ಗಂಟೆ ಸ್ಟಾರ್ಟ್ ಮಾಡಲು ಬಿಡಲಿಲ್ಲ, ಆಯಿಲ್ ಒತ್ತಡದಿಂದ ಅಂತರ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಒಳಗಿನ ಆಯಿಲ್ ಇಳಿಯಬೇಕಲ್ಲ. ಎರಡೂ ಸಲದ್ದು ಸೇರಿ 1300 ಪೌಂಡ್ ಹೋಯಿತು. ಪಿಕಪ್ ವಾಪಸ್ ಬಂತು, ಮೇಲೆ ಒಂದಿಷ್ಟು ಜಾಸ್ತಿ ಕೂಡ, ಎಂಒಟಿ ಪಾಸ್.

ಸೆಕೆಂಡ್ ಹ್ಯಾಂಡ್ ಕ್ಯಾಮ್ ಕೊಳ್ಳುವವರಿಗೆ ಇನ್ನೊಂದು ಮಾತು. 1985ರ ನಡುವಿನ ತನಕ ಈ ಇಂಜಿನ್ನಿಗೆ ಶಿಮ್ (ಅಂತರ ಹೊಂದಿಸುವ ತೆಳ್ಳನೆಯ ಬಿಲ್ಲೆ) ಇರುವ ಸಾಲಿಡ್ ಟ್ಯಾಪೆಟ್, ಆಮೇಲೆ ಹೈಡ್ರಾಲಿಕ್. ಎರಡರ ಕ್ಯಾಮ್ ನೋಡಲು ಒಂದೇ ಥರ, ಬುಡದ ಸುತ್ತಳತೆ ಬೇರೆ. ಅದಲು ಬದಲಾದರೆ ವಾಲ್ವ್ ಸರಿಯಾಗಿ ಕೆಲಸ ಮಾಡುವುದೇ ಇಲ್ಲ. ಮಾರುವವರ ಮಾತು ನಂಬಬೇಡಿ, ಅಳೆದು ನೋಡಿ.

ಈಗಾಗಲೇ ಹಾಕಿಸಿಬಿಟ್ಟಿದ್ದೀರಾ, ಮೇಲಿಂದ ಟಿಕ್ ಟಿಕ್ ಕೇಳುತ್ತಿದೆಯಾ? ಇವತ್ತು ಗಾಡಿ ತೆಗೆಯಬೇಡಿ. ಕವರ್ ಬಿಚ್ಚಿ ಎಂಟೂ ಲೋಬು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿ.