ವಿಂಡ್ಸರ್ ವೆಸ್ಟ್ 2025: ಮೂವರಲ್ಲಿ ಯಾರಿಗೆ ವೋಟು?

ಕೆನಡಾದ ವಿಂಡ್ಸರ್ ಕಾರು ಕಟ್ಟಿ ಬದುಕುವ ಊರು, ನದಿಯಾಚೆಗೆ ಅಮೆರಿಕದ ಡೆಟ್ರಾಯಿಟ್. ವಿಂಡ್ಸರ್ ವೆಸ್ಟ್ ಇಲ್ಲಿನ ಕ್ಷೇತ್ರ. 2025ರ ಏಪ್ರಿಲ್ 28ರ ಫೆಡರಲ್ ಚುನಾವಣೆ ಹೊತ್ತಿಗೆ ಟ್ರಂಪ್ ಆಮದು ಕಾರುಗಳ ಮೇಲೆ ಶೇ 25 ಸುಂಕ ಹೇರಿಯಾಗಿತ್ತು. ಅರಬ್, ಪಂಜಾಬಿ, ಇಟಾಲಿಯನ್ ಮನೆಗಳಲ್ಲೆಲ್ಲ ಅದೇ ಚಿಂತೆ.

ಎಡಪಂಥದ ಪಕ್ಷ ಎನ್‌ಡಿಪಿಯ ಬ್ರಯನ್ ಮ್ಯಾಸಿ 2002ರಿಂದ ಸಂಸದರಾಗಿದ್ದರು. ಊರಿನ ಕೆಲಸವೇ ಮುಖ್ಯ ಅನ್ನುವವರಿಗೆ ಇವರನ್ನು ಬಿಡುವುದು ಕಷ್ಟ. ಒಜಿಬ್ವೆ ರಾಷ್ಟ್ರೀಯ ನಗರ ಉದ್ಯಾನಕ್ಕಾಗಿ ಖಾಸಗಿ ಸದಸ್ಯರ ಮಸೂದೆ ಮಂಡಿಸಿ, 2023ರಲ್ಲಿ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಪಾಸು ಮಾಡಿಸಿದರು. ವಿರೋಧ ಪಕ್ಷದ ಸಂಸದನಿಗೆ ಇದು ಸಣ್ಣ ಮಾತಲ್ಲ. ಆದರೆ ಪಕ್ಷವೇ ಸೊರಗಿತ್ತು.

ಕನ್ಸರ್ವೇಟಿವ್ ಪಕ್ಷದ ಹರ್ಬ್ ಗಿಲ್ ನಿವೃತ್ತ ಪೊಲೀಸ್. ಕೆಳಗಿನ ಹಂತದ ಆದಾಯ ತೆರಿಗೆ ಶೇ 15ರಿಂದ 12.75ಕ್ಕೆ ಇಳಿಸುವುದು ಪಕ್ಷದ ಭರವಸೆ. ಪೇಸ್ಲಿಪ್ ನೋಡಿ ವೋಟು ಹಾಕುವವರಿಗೆ ಹಿಡಿಸುವಂಥದ್ದು.

ನಡುಪಂಥದ ಲಿಬರಲ್ ಪಕ್ಷದ ರಿಚರ್ಡ್ ಪೊಲಾಕ್ ವಕೀಲರು. ಇವರ ಪಕ್ಷದ ಭರವಸೆಯಲ್ಲಿ ತೆರಿಗೆ ಇಳಿಕೆ ಶೇ 14ಕ್ಕಷ್ಟೇ. ಆದರೆ ಪಕ್ಷದ ನಾಯಕ, ಪ್ರಧಾನಿ ಮಾರ್ಕ್ ಕಾರ್ನಿ ವಿಂಡ್ಸರ್‌ಗೇ ಬಂದು ವಾಹನೋದ್ಯಮಕ್ಕೆ 200 ಕೋಟಿ ಡಾಲರ್ ನಿಧಿ ಘೋಷಿಸಿದ್ದರು. ಸುಂಕವೇ ದೊಡ್ಡ ಭಯವಾಗಿದ್ದರೆ ಇತ್ತ ವಾಲುವುದು ಸಹಜ.

ತೊಡಕೆಂದರೆ, ಇಲ್ಲಿ ಬಹುಮತ ಬೇಕಿಲ್ಲ, ಉಳಿದವರಿಗಿಂತ ಒಂದು ವೋಟು ಹೆಚ್ಚಿದ್ದರೆ ಸಾಕು. ಎಡ ಮತ್ತು ನಡುವಿನ ವೋಟು ಮ್ಯಾಸಿ, ಪೊಲಾಕ್ ನಡುವೆ ಒಡೆಯಿತು, ಗೆದ್ದದ್ದು ಗಿಲ್.