ತಾತನ ಹಂತಿ ಪದಕ್ಕೆ ಈ ಯುಎಸ್‌ಬಿ ಪ್ಲೇಯರ್ ಸಾಲಲಿಲ್ಲ

ಬಳ್ಳಾರಿಯ ನಮ್ಮ ಮನೆ ಅಟ್ಟದಲ್ಲಿ ಒಂದು ತಗಡಿನ ಟ್ರಂಕು, ಅದರಲ್ಲಿ 14 ಕ್ಯಾಸೆಟ್. ಎಲ್ಲ ಅಪ್ಪ 1986ರಿಂದ ಮೂರ್ನಾಲ್ಕು ವರ್ಷ ರೆಕಾರ್ಡ್ ಮಾಡಿದವು. ಅವುಗಳಲ್ಲಿ ಎರಡು ತಾತನ ಹಂತಿ ಪದ. ಕುರುಗೋಡು ಕಡೆ ನಮ್ಮ ಹಳ್ಳಿಯ ಕಣದಲ್ಲಿ ಮೇಟಿ ಕಂಬದ ಸುತ್ತ ಎತ್ತು ತಿರುಗಿಸಿ ಜೋಳ ತುಳಿಸುವಾಗ ರಾತ್ರಿ ನಿದ್ದೆ ಬರದಿರಲಿ ಅಂತ ಹಾಡುತ್ತಿದ್ದ ಪದಗಳು. ಮಷೀನು ಬಂದ ಮೇಲೆ ನಮ್ಮೂರಲ್ಲಿ ಹಂತಿ ನಿಂತಿತು, ತಾತನೂ ಹೋದರು. ಉಳಿದಿರುವುದು ಈ ರೀಲು ಮಾತ್ರ.

ಅದಕ್ಕೇ ಆನ್‌ಲೈನ್‌ನಲ್ಲಿ 1,900 ರೂಪಾಯಿ ಕೊಟ್ಟು ವಾಕ್‌ಮನ್ ತರಹದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಿಸಿದೆ. ಕ್ಯಾಸೆಟ್ ಹಾಕಿ, ಲ್ಯಾಪ್‌ಟಾಪ್‌ಗೆ ವೈರು ಚುಚ್ಚಿದರೆ ಕೆಲಸ ಶುರು. ಸುಲಭ ಅನ್ನುವುದು ನಿಜ. ಆದರೆ ತಾತ ಹಾಡಲು ಶುರು ಮಾಡಿದ ಕೂಡಲೇ ಅವ್ವ ಅಡುಗೆಮನೆಯಿಂದ ಬಂದು "ಇದು ಮಾವನ ದನಿ ಅಲ್ಲ" ಅಂದರು. ದನಿ ಸಣ್ಣಗಿತ್ತು, ಎಳೆದು ಹಾಡುವ ಕಡೆ ನಡುಗುತ್ತಿತ್ತು. ಗಡಿಯಾರ ಇಟ್ಟು ನೋಡಿದೆ. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಸೈಡು 30 ನಿಮಿಷಕ್ಕೆ ಕಡಿಮೆ ಇರಬಾರದು, ಇದು 28ಕ್ಕೇ ಮುಗಿಸಿತು. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ಇದರಲ್ಲಿ ಅದಕ್ಕಿಂತ ಜೋರಾಗಿ ಓಡುತ್ತಿದೆ. ಮೋಟಾರಿನ ಕಿರಗುಟ್ಟುವ ಸದ್ದೂ ರೆಕಾರ್ಡಿಂಗ್ ಒಳಗೆ ಸೇರಿತ್ತು. ಅಂಗಡಿಯಲ್ಲಿ ಮತ್ತೆ ಸಿಗುವ ಹಾಡಾದರೆ ಪರವಾಗಿಲ್ಲ, ಮನೆಯವರ ದನಿಗೆ ಇದು ಬೇಡ. ಐದಕ್ಕೆ ಒಂದೂವರೆ ಕೊಡುತ್ತೇನೆ.

ಆಮೇಲೆ ಅಪ್ಪನ ಹಳೇ ಟೇಪ್ ರೆಕಾರ್ಡರನ್ನೇ ಇಳಿಸಿದೆವು. ಗುಂಡಿ ಒತ್ತಿದರೆ ಗುಂಯ್ ಅನ್ನುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಕೌಲ್ ಬಜಾರ್ ಕಡೆ ಈಗಲೂ ರೇಡಿಯೋ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ, ಅವರ ಹತ್ತಿರ ಒಯ್ದೆ. ಬಿಚ್ಚಿ ತೋರಿಸಿದರು: ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಚಕ್ರಕ್ಕೆ ಅಂಟಿತ್ತು. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಅದನ್ನು ಒರೆಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಹೊಸ ಬೆಲ್ಟು ಹಾಕಿ, ರೀಲಿನಿಂದ ದನಿ ಓದುವ ಹೆಡ್ಡು ಒರೆಸಿ, ಮೋಟಾರಿನ ಹಿಂದಿನ ತೂತಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟು ಸ್ಪೀಡು ಸರಿ ಮಾಡಿದರು. ಹೆಡ್ಡಿನ ಸ್ಕ್ರೂ ಮಾತ್ರ ಮುಟ್ಟಲಿಲ್ಲ. "ಇದರಲ್ಲೇ ರೆಕಾರ್ಡ್ ಆಗಿದೆ ಅಲ್ವಾ ಬೇಟಾ, ಹೆಡ್ಡು ಆವತ್ತು ಎಷ್ಟು ವಾರೆ ಇತ್ತೋ ಇವತ್ತೂ ಅಷ್ಟೇ ವಾರೆ ಇರಲಿ" ಅಂದರು. ಎಂಥಾ ಮಾತು! ರೆಕಾರ್ಡ್ ಮಾಡಿದ ಮಷೀನಿನಲ್ಲೇ ಕೇಳಿದರೆ ದನಿ ತಿಳಿಯಾಗಿ ಬರುತ್ತದೆ, ಬೇರೆಯದರಲ್ಲಿ ಹೆಡ್ಡಿನ ಕೋನ ಸ್ವಲ್ಪ ತಪ್ಪಿದರೂ 'ಸ', 'ಶ' ಎಲ್ಲ ಮಂಕಾಗುತ್ತವೆ. ಒಟ್ಟು 450 ರೂಪಾಯಿ ತಗೊಂಡರು. ಐದಕ್ಕೆ ಐದು.

ಒಂದು ಕ್ಯಾಸೆಟ್‌ನಲ್ಲಿ ರೀಲಿನ ಹಿಂದೆ ಇರುವ ಸಣ್ಣ ಸ್ಪಂಜಿನ ಪ್ಯಾಡು ಉದುರಿತ್ತು. ನಮ್ಮೂರ ಬಿಸಿಲಿಗೆ ಅಂಟು ಎಲ್ಲಿ ನಿಲ್ಲಬೇಕು? ಅದಿಲ್ಲದಿದ್ದರೆ ರೀಲು ಹೆಡ್ಡಿಗೆ ಒತ್ತುವುದಿಲ್ಲ, ದನಿ ಬಂದು ಹೋಗಿ ಮಾಡುತ್ತದೆ. ಖಾಲಿ ಕ್ಯಾಸೆಟ್ ಒಂದರ ಐದು ಸ್ಕ್ರೂ ಬಿಚ್ಚಿ, ಅದರ ಪ್ಯಾಡನ್ನೇ ಇದಕ್ಕೆ ಕೂರಿಸಿದೆ.

ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರ ಚುಚ್ಚಬೇಡಿ. ಅದು ಮೈಕಿನ ಸಣ್ಣ ಸಿಗ್ನಲ್‌ಗೆ ಅಂತ ಮಾಡಿದ್ದು, ಟೇಪಿನಿಂದ ಬರುವ ದನಿ ಅಲ್ಲಿ ಒಡೆಯುತ್ತದೆ. ಲೈನ್ ಇನ್, ಅಂದರೆ ಟೇಪಿನಂಥ ಜೋರು ಸಿಗ್ನಲ್‌ಗೆ ಅಂತ ಮಾಡಿದ ತೂತು, ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಸಾಫ್ಟ್‌ವೇರ್‌ಗೆ ಆಡಾಸಿಟಿ, ಅದು ಫ್ರೀ. ನಮ್ಮದು ಒಂದೇ ಸ್ಪೀಕರಿನ ಮೊನೊ ಟೇಪ್, ಹಾಗಾಗಿ 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ ಇಟ್ಟುಕೊಂಡೆ. ನಿಮಿಷಕ್ಕೆ 5 ಎಂಬಿ ಚಿಲ್ಲರೆ, ಇಡೀ ಕ್ಯಾಸೆಟ್‌ಗೆ ಸುಮಾರು 320 ಎಂಬಿ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆ ಕೂರಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಗುಂ ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ನಮ್ಮಲ್ಲಿ ಹಾಗೆ ಮಾಡಿದ ಕೂಡಲೇ ನಿಂತಿತು. ಸುಯ್ ಅನ್ನುವ ಸದ್ದು ತೆಗೆಯಲು ಹೋಗಿ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ದನಿ ನೀರೊಳಗಿಂದ ಬಂದ ಹಾಗೆ ಆಗುತ್ತದೆ. ಮೂಲ ಫೈಲ್ ಹಾಗೇ ಎತ್ತಿಟ್ಟು ಕಾಪಿಯಲ್ಲಿ ಮಾಡಿ. ಇನ್ನೊಂದು, ಎಲ್ಲಕ್ಕೂ ಮೊದಲು ಕ್ಯಾಸೆಟ್‌ನ ಮೇಲ್ಭಾಗದ ಎರಡು ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ.

ಈ ಸಲ ಅವ್ವ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. ಎತ್ತಿನ ಕೊರಳ ಗಂಟೆ ಒಂದೊಂದೇ ಕೇಳುತ್ತದೆ, ಹತ್ತಿರ ಬಂದು ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಪದ ಮುಗಿದ ಮೇಲೆ ತಾತ ಅಪ್ಪನಿಗೆ ಹೇಳುತ್ತಾರೆ, "ಸಾಕು ಬಂದ್ ಮಾಡೋ, ರೀಲು ತೀರತೈತಿ". ಆ ಹೊಸ ಪ್ಲೇಯರಿನಲ್ಲಿ ಈ ಮಾತು ಮೋಟಾರಿನ ಸದ್ದಿನಲ್ಲಿ ಮುಚ್ಚಿಹೋಗಿತ್ತು.

ಇನ್ನೂ ಹನ್ನೊಂದು ಬಾಕಿ ಇವೆ. ಒಂದರ ರೀಲಿನ ಮೇಲೆ ಬಿಳಿ ಬೂಷ್ಟು ಕಾಣುತ್ತಿದೆ. ಅದನ್ನು ಚಾಚಾಗೆ ತೋರಿಸದೆ ಹಾಕುವುದಿಲ್ಲ, ಹೆಡ್ಡಿಗೆ ಮೆತ್ತಿಕೊಂಡರೆ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ.